ಹಕ್ಕಿ ಬಿತ್ತಿದ ಕಾಡು

ಮಧುಗಿರಿಯ ಏಕಶಿಲೆಯ ಬೆಟ್ಟದ ಬಿರುಕಿನಲ್ಲಿ, ಮನುಷ್ಯನ ಕೈಯಾಗಲಿ ಗುದ್ದಲಿಯಾಗಲಿ ಸೋಕದ ಎಡೆಯಲ್ಲಿ, ಬೇರೂರಿ ನಿಂತ ಆಲ ಅತ್ತಿಗಳನ್ನು ಕಂಡವರಿಗೆ, ಇವನ್ನು ಇಲ್ಲಿ ನೆಟ್ಟವರಾರೆಂಬ ಪ್ರಶ್ನೆ ಸಹಜವಾಗಿಯೇ ಉದಿಸೀತು. ಹಣ್ಣುಂಡ ಪಿಕಳಾರ, ಗೊರವಂಕ, ಕೋಗಿಲೆಗಳು ತಿರುಳನ್ನು ಜೀರ್ಣಿಸಿಕೊಂಡು, ಬೀಜವನ್ನು ಮಾತ್ರ ದೂರಕ್ಕೊಯ್ದು ಹಿಕ್ಕೆಯೊಡನೆ ಉದುರಿಸುವುದರಿಂದಲೇ, ಮಳೆ ವಿರಳವಾದ ಶಿರಾ ಪಾವಗಡಗಳ ಕುರುಚಲಲ್ಲಿಯೂ ಕೊರಟಗೆರೆಯ ಸಿದ್ದರಬೆಟ್ಟದ ತಪ್ಪಲಿನಲ್ಲಿಯೂ ವನಸಂತತಿಯು ಅವಿಚ್ಛಿನ್ನವಾಗಿ ಮುಂದುವರಿಯುತ್ತದೆ. ಶ್ರೀಗಂಧದ ಬೀಜವನ್ನು ಹಕ್ಕಿ ಬೀಳಿಸುವುದು ಬಹುಮಟ್ಟಿಗೆ ತಾನು ಕುಳಿತ ಮುಳ್ಳುಪೊದೆಯ ಬುಡದಲ್ಲಿಯೇ. ನೆರೆಗಿಡದ ಬೇರಿನಿಂದ ಸತ್ತ್ವವನ್ನು ಹೀರಿ ಬೆಳೆಯುವ ಆ ಸಸಿಗೆ, ನೆರಳನ್ನೂ ಪೋಷಣೆಯನ್ನೂ ದನಕರುಗಳಿಂದ ರಕ್ಷಣೆಯನ್ನೂ ಅದೇ ಪೊದೆ ಒದಗಿಸುತ್ತದೆ. ಆದುದರಿಂದ, ಬೇಸಗೆಯಲ್ಲಿ ಗುಡ್ಡಗಳಿಗೆ ಬೆಂಕಿ ಬೀಳದಂತೆ ಕಾಯೋಣ; ಹೊಲದ ಬದುವಿನ ಹಣ್ಣುಮರಗಳನ್ನೂ ಮುಳ್ಳುಪೊದೆಗಳನ್ನೂ ಕಡಿಯದೆ ಉಳಿಸೋಣ.