ಅವನ ಸೂಜಿ, ಅವಳ ಜೀವ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಕುಡುಕ ಗಂಡನನ್ನು ಕಟ್ಟಿಕೊಂಡವಳ ಪಾಡು ಏನೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಇವತ್ತು ಇನ್ನೊಂದು ಚಟದ ಮಾತು. ಹೆರಾಯಿನ್‌ನಂಥ ಮಾದಕ ವಸ್ತುವನ್ನು ಸಿರಿಂಜಿನಲ್ಲಿ ನರಕ್ಕೆ ಚುಚ್ಚಿಕೊಳ್ಳುವ ಚಟ. ಅದು ಹೆಣ್ಣಿಗೆ ಏನು ಮಾಡುತ್ತದೆಂದು ನಾನು ತಿಳಿದದ್ದು ಮಣಿಪುರದಲ್ಲಿ.

1998ರಲ್ಲಿ ವಿಚಾರ ಸಂಕಿರಣವೊಂದಕ್ಕೆ ಇಂಫಾಲಕ್ಕೆ ಹೋದಾಗ ಅಲ್ಲಿನ ಅಧ್ಯಾಪಕಿಯೊಬ್ಬರ ಮನೆಯಲ್ಲಿ ಉಳಿದಿದ್ದೆ. ಅವರ ತಂಗಿ ಮೂವತ್ತು ದಾಟದ ವಿಧವೆ, ತವರಿಗೆ ಬಂದಿದ್ದಳು. ಗಂಡ ಸೂಜಿ ಚುಚ್ಚಿಕೊಳ್ಳುತ್ತಿದ್ದ. ಅದಕ್ಕಾಗಿ ಅವಳ ಒಡವೆ ಹೋಯಿತು, ಮನೆಯ ಪಾತ್ರೆ ಹೋಯಿತು. ಕೇಳಿದರೆ ಹೊಡೆತ. ಅವನು ಏಡ್ಸ್‌ನಿಂದ ಸತ್ತ ಮೇಲೆ ಅವಳ ರಕ್ತದಲ್ಲೂ ಎಚ್‌ಐವಿ ಇದೆಯೆಂದು ತಿಳಿಯಿತು. "ನನ್ನ ಮಗನನ್ನು ತಿಂದುಕೊಂಡವಳು" ಎಂದು ಅತ್ತೆ ಹೊರಗೆ ಹಾಕಿದರು. ಅವಳು ಒಂದು ದಿನವೂ ಆ ಸೂಜಿ ಮುಟ್ಟಿದವಳಲ್ಲ.

ಇದು ಅವಳೊಬ್ಬಳ ಕಥೆಯಲ್ಲ. ಮಣಿಪುರ ಮ್ಯಾನ್ಮಾರ್ ಗಡಿಯ ರಾಜ್ಯ. 1980ರ ದಶಕದಲ್ಲಿ ಗಡಿ ದಾಟಿ ಬಂದ ಹೆರಾಯಿನ್ ಅಲ್ಲಿನ ಯುವಕರನ್ನು ಹಿಡಿಯಿತು. ಒಂದೇ ಸೂಜಿ ಹಲವರ ಕೈಗೆ ಹೋಗುತ್ತಿತ್ತು. 1989-90ರಲ್ಲಿ ಅವರಲ್ಲಿ ಎಚ್‌ಐವಿ ಪತ್ತೆಯಾಯಿತು. ಸ್ವಲ್ಪ ಕಾಲದಲ್ಲೇ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಜನಕ್ಕೆ ತಗುಲಿತ್ತು. ಸೋಂಕಿದ್ದ ಇಂಥ ಗಂಡಸರ ಹೆಂಡತಿಯರ ಬಗ್ಗೆ 2000ರಲ್ಲಿ ಪ್ರಕಟವಾದ ಮಣಿಪುರದ ಅಧ್ಯಯನವೊಂದರಲ್ಲಿ, ನೂರಕ್ಕೆ 45 ಹೆಂಡತಿಯರಿಗೂ ಸೋಂಕಿತ್ತು. ಅವರಾರೂ ಚುಚ್ಚಿಕೊಳ್ಳುವವರಲ್ಲ.

ಮೊದಲು ಈ ಹುಡುಗರನ್ನು ಹೊಡೆದರು, ಜೈಲಿಗೆ ಹಾಕಿದರು. ಚಟ ಹೋಗಲಿಲ್ಲ, ಕತ್ತಲಲ್ಲಿ ಅಡಗಿತು. 1996ರಲ್ಲಿ ರಾಜ್ಯದ ಏಡ್ಸ್ ನೀತಿ ಬೇರೆ ದಾರಿಗೆ ಒಪ್ಪಿತು. ಅದೇ ಹಾನಿ ತಗ್ಗಿಸುವ ದಾರಿ. ಬಳಸಿದ ಸೂಜಿ ವಾಪಸು ಪಡೆದು ಹೊಸದು ಕೊಡುವುದು, ಕಾಂಡೋಮ್ ಕೊಡುವುದು, ರಕ್ತ ಪರೀಕ್ಷೆಗೆ ಕರೆದೊಯ್ಯುವುದು. ಮುಂದೆ ಸರ್ಕಾರಿ ಕೇಂದ್ರಗಳಲ್ಲಿ ಬ್ಯುಪ್ರಿನಾರ್ಫಿನ್ ಮಾತ್ರೆಯೂ ಬಂತು. ದಿನವೂ ಸಿಬ್ಬಂದಿಯ ಎದುರೇ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಅದು. ಸೂಜಿಯ ಹಂಬಲ ತಗ್ಗುತ್ತದೆ, ಮನುಷ್ಯ ಕೆಲಸಕ್ಕೆ ಹೋಗಬಲ್ಲ.

"ಸೂಜಿ ಕೊಡುವುದೆಂದರೆ ಕಳ್ಳನಿಗೆ ಬೀಗದ ಕೈ ಕೊಟ್ಟ ಹಾಗಲ್ಲವೆ?" ಎಂದು ನಾನು ಕೇಳಿದೆ. ಆ ಅಧ್ಯಾಪಕಿ ಹೇಳಿದರು: "ಕೊಡದಿದ್ದಾಗ ಅವನೇನೂ ಬಿಡಲಿಲ್ಲ ಮೇಡಂ. ಆಗ ಒಂದು ಹೊಸ ಸೂಜಿ ಸಿಕ್ಕಿದ್ದರೆ ನನ್ನ ತಂಗಿ ಉಳಿಯುತ್ತಿದ್ದಳು." ನನಗೆ ಉತ್ತರವಿರಲಿಲ್ಲ. ಆ ತಂಗಿ 2002ರಲ್ಲಿ ತೀರಿಕೊಂಡಳು. ಸರ್ಕಾರ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರಲ್ಲಿ.

ಸೂಜಿಯಿಂದ ಎಚ್‌ಐವಿಯಷ್ಟೇ ಅಲ್ಲ, ಪಿತ್ತಜನಕಾಂಗ ಕೆಡಿಸುವ ಹೆಪಟೈಟಿಸ್ ಬಿ, ಸಿ ಕೂಡ ಹರಡುತ್ತವೆ. ಮದ್ದು ಕಲಸುವ ಚಮಚ, ಸೋಸುವ ಹತ್ತಿ, ನೀರು ಹಂಚಿಕೊಂಡರೂ ಅಪಾಯವೇ. ಬಿ ತಡೆಯಲು ಲಸಿಕೆಯಿದೆ. ಸಿ ಬಂದವರಲ್ಲಿ ಹೆಚ್ಚಿನವರು ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ಗುಣವಾಗುತ್ತಾರೆ.

ಒಂದು ಮಾತು ಮರೆಯಬೇಡಿ. ಹಾನಿ ತಗ್ಗಿಸುವುದೆಂದರೆ ಅವನ ಹೊಡೆತ ಸಹಿಸಿಕೊಳ್ಳುವುದಲ್ಲ. ಚಟ ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಹೊಡೆತ ಅಪರಾಧ, ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಿದೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಸೋಂಕಿದೆಯೆಂದು ಹೆಣ್ಣನ್ನು ತಾನು ಬಾಳಿದ ಮನೆಯಿಂದ ಹೊರಗೆ ಹಾಕುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಸೋಂಕು ತಡೆಯಲು ಶುದ್ಧ ಸೂಜಿ ಕೊಡುವ ಕಾರ್ಯಕರ್ತರನ್ನು ಅಪರಾಧಿಗಳೆನ್ನುವಂತೆಯೂ ಇಲ್ಲ.

ಇಂಥ ಮನೆಯ ಹೆಣ್ಣೊಬ್ಬಳು ನಾಳೆ ನಿಮ್ಮ ಸಂಘಕ್ಕೆ ಬರಬಹುದು. "ನಿನ್ನ ಗಂಡ ಯಾಕೆ ಹೀಗಾದ?" ಎಂದು ಅವಳನ್ನು ಕೇಳಬೇಡಿ. "ನೀನು ಪರೀಕ್ಷೆ ಮಾಡಿಸಿಕೊಂಡೆಯಾ? ರಾತ್ರಿ ಮಲಗಲು ಜಾಗವಿದೆಯಾ?" ಎಂದು ಕೇಳಿ. ಎಚ್‌ಐವಿ ಮಾಹಿತಿಗೆ 1097, ದೌರ್ಜನ್ಯವಾದರೆ 181. ಈ ಎರಡು ಸಂಖ್ಯೆಗಳನ್ನು ನಿಮ್ಮ ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಿ. ಅವಳ ಜೊತೆ ಆಸ್ಪತ್ರೆಗೆ ನಿಮ್ಮಲ್ಲೊಬ್ಬರು ಹೋಗಿ.