ನವೆಂಬರ್ ಒಂದು: ಹೆಸರಿಲ್ಲದವರ ಹಬ್ಬ, ಹೆಸರು ಪಡೆದ ನಾಡು

(ಸಕಲ ಸಂತರ ಮಹೋತ್ಸವದ ಪ್ರಬೋಧನೆ)



ನಮ್ಮ ಧರ್ಮಕೇಂದ್ರದ ದಾಖಲೆ ಪುಸ್ತಕ ತೆರೆದು ಕುಳಿತಾಗಲೆಲ್ಲ ನನಗೆ ಒಂದು ವಿಷಯ ನಗು ತರಿಸುತ್ತದೆ. ಹಿರಿಯರು ತಮ್ಮ ಆಧಾರ್ ಕಾರ್ಡನ್ನೋ ಶಾಲೆಯ ಟಿ.ಸಿ.ಯನ್ನೋ ತಂದುಕೊಡುತ್ತಾರೆ. ನೋಡಿದರೆ ಹುಟ್ಟಿದ ದಿನ ಜೂನ್ 1. ಅವರ ತಮ್ಮನದೂ ಜೂನ್ 1. ಪಕ್ಕದ ಮನೆಯವರದೂ ಅದೇ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಅರ್ಧ ಸೀಮೆ ಒಂದೇ ದಿನ ಹುಟ್ಟಿದೆಯೋ ಎನಿಸುತ್ತದೆ! ಕಾರಣ ನಿಮಗೆಲ್ಲ ಗೊತ್ತು. ಮಗುವನ್ನು ಶಾಲೆಗೆ ಸೇರಿಸಲು ಕರೆದೊಯ್ದಾಗ ತಂದೆತಾಯಿಗೆ ತಾರೀಖು ಗೊತ್ತಿರಲಿಲ್ಲ. ಹೆಡ್‌ಮಾಸ್ತರರು ಮಗುವಿನ ಮುಖ ನೋಡಿ, ವಯಸ್ಸು ಅಂದಾಜು ಮಾಡಿ, ಜೂನ್ 1 ಎಂದು ಬರೆದುಕೊಂಡರು.

ಒಬ್ಬ ತಾಯಿ ನನಗೆ ಹೇಳಿದ್ದರು: "ಫಾದರ್, ಕಾಗದದಾಗ ಏನರ ಇರ್ಲಿ. ನಾ ಹುಟ್ಟಿದ್ದು ಕೊಟ್ಟೂರು ತೇರಿನ ಮಾರನೇ ದಿನ ಅಂತ ನಮ್ಮವ್ವ ಹೇಳ್ತಿದ್ಲು." ವರ್ಷ ಯಾವುದಮ್ಮಾ ಎಂದೆ. "ಡ್ಯಾಮ್ ಕಟ್ಟೋ ಕಾಲಕ್ಕ" ಎಂದರು. ಆ ತಾಯಿಗೆ ಅಷ್ಟು ಸಾಕಾಗಿತ್ತು. ಸರ್ಕಾರಕ್ಕೆ ಮಾತ್ರ ಒಂದು ತಾರೀಖು ಬೇಕು.

ಇಂದಿನ ಹಬ್ಬವನ್ನು ನಾನು ಅರ್ಥಮಾಡಿಕೊಂಡಿರುವುದು ಆ ಹೆಡ್‌ಮಾಸ್ತರರ ಮೂಲಕವೇ. ಧರ್ಮಸಭೆಯ ಪಂಚಾಂಗದಲ್ಲಿ ಸಂತರ ಹಬ್ಬವೆಂದರೆ ಬಹುಮಟ್ಟಿಗೆ ಅವರು ಮರಣ ಹೊಂದಿದ ದಿನ. ಪ್ರಾಚೀನ ಕ್ರೈಸ್ತರು ಆ ದಿನವನ್ನು ಸಾವಿನ ದಿನ ಎನ್ನದೆ ಹುಟ್ಟಿದ ದಿನ ಎಂದೇ ಕರೆಯುತ್ತಿದ್ದರು. ಸ್ವರ್ಗದಲ್ಲಿ ಹುಟ್ಟಿದ ದಿನ. ಈ ಲೋಕದ ಹುಟ್ಟನ್ನು ನಾವು ಹಬ್ಬವಾಗಿ ಆಚರಿಸುವುದು ಮೂವರದು ಮಾತ್ರ: ಡಿಸೆಂಬರ್ 25ರಂದು ಪ್ರಭು ಯೇಸುವಿನದು, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರದು, ಜೂನ್ 24ರಂದು ಸ್ನಾನಿಕ ಯೊವಾನ್ನರದು. ಉಳಿದವರಿಗೆ ಬಹುಮಟ್ಟಿಗೆ ಮರಣದ ತಾರೀಖೇ ಹಬ್ಬದ ತಾರೀಖು. ಆದರೆ ಯಾರೂ ಬರೆದಿಡದ ಸಾವುಗಳ ಗತಿಯೇನು? ಗುಂಪುಗುಂಪಾಗಿ ಕೊಲೆಯಾದ ರಕ್ತಸಾಕ್ಷಿಗಳು, ಮೂಲೆಯ ಗುಡಿಸಲಲ್ಲಿ ರೋಗಿಯ ಸೇವೆ ಮಾಡುತ್ತಲೇ ಕಣ್ಣು ಮುಚ್ಚಿದವರು, ಇವರಿಗೆ ತಾರೀಖು ಎಲ್ಲಿಂದ ತರುವುದು? 7ನೇ ಶತಮಾನದ ಆರಂಭದಲ್ಲಿ ಜಗದ್ಗುರು ನಾಲ್ಕನೆಯ ಬೊನಿಫಾಸರು ರೋಮಿನ ಪಂಥೆಯೋನ್ ಎಂಬ ಹಳೆಯ ದೇಗುಲವನ್ನು ಮಾತೆ ಮರಿಯಮ್ಮನವರಿಗೂ ಸಕಲ ರಕ್ತಸಾಕ್ಷಿಗಳಿಗೂ ಅರ್ಪಿಸಿದರು. ಅದು ಮೇ ತಿಂಗಳಲ್ಲಿ. 8ನೇ ಶತಮಾನದಲ್ಲಿ ಮೂರನೆಯ ಗ್ರೆಗೊರಿಯವರು ಸಕಲ ಸಂತರ ಹೆಸರಿನಲ್ಲಿ ಒಂದು ಪ್ರಾರ್ಥನಾಲಯವನ್ನು ಪ್ರತಿಷ್ಠಾಪಿಸಿದರು. ನವೆಂಬರ್ 1 ಎಂಬ ತಾರೀಖು ಅಲ್ಲಿಂದ ಬಂದಿತೆನ್ನುತ್ತಾರೆ. ತಾರೀಖು ಇಲ್ಲದವರಿಗೆ ಧರ್ಮಸಭೆಯೂ ಒಂದು ಜೂನ್ 1 ಬರೆದುಕೊಟ್ಟಿತು, ಅಷ್ಟೆ.

ನಮ್ಮ ನಾಡಿಗೂ ಇಂದು ಹಬ್ಬ. ಬೆಳಿಗ್ಗೆ ಶಾಲೆಯಲ್ಲಿ ಧ್ವಜ ಹಾರಿಸಿ ಕೆಂಪು ಹಳದಿ ಪಟ್ಟಿ ಕಟ್ಟಿಕೊಂಡೇ ಪೂಜೆಗೆ ಬಂದಿರುವ ಮಕ್ಕಳು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಮಕ್ಕಳೇ, ಕ್ವಿಜ್‌ನಲ್ಲಿ ಕೇಳಿದರೆ ಹೀಗೆ ಹೇಳಿ: 1956ರ ನವೆಂಬರ್ 1, ಗುರುವಾರ, ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಸೇರಿ ವಿಶಾಲ ಮೈಸೂರು ರಾಜ್ಯವಾಯಿತು. 1973ರ ಅದೇ ದಿನ ಅದಕ್ಕೆ ಕರ್ನಾಟಕ ಎಂಬ ಹೆಸರು ಬಂತು; ಆಗ ದೇವರಾಜ ಅರಸರು ಮುಖ್ಯಮಂತ್ರಿ. (ಚಿತ್ರನಟಿ ಐಶ್ವರ್ಯಾ ರೈ ಮಂಗಳೂರಿನಲ್ಲಿ ಹುಟ್ಟಿದ್ದು ಸರಿಯಾಗಿ ಅದೇ ದಿನ. ಇದನ್ನು ಹೇಳಿದಾಗ ಮಾತ್ರ ಹಿಂದಿನ ಸಾಲಿನ ಯುವಕರು ತಲೆ ಎತ್ತಿದರು, ನೋಡಿದೆ.) 1956ರ ಅದೇ ದಿನ ಕೇರಳ ಮತ್ತು ಆಂಧ್ರ ಪ್ರದೇಶ ರಾಜ್ಯಗಳೂ ಹುಟ್ಟಿದವು.

ಇವೆಲ್ಲ ಒಂದೇ ದಿನ ಬಂದದ್ದರಲ್ಲಿ ಏನಾದರೂ ಗುಟ್ಟಿದೆಯೇ? ಇಲ್ಲ. ವರ್ಷಕ್ಕಿರುವುದು 365 ದಿನ. ಯಾವ ದಿನ ತೆಗೆದರೂ ಒಂದು ಹುಟ್ಟು, ಒಂದು ಸಾವು, ಒಂದು ಯುದ್ಧ ಸಿಕ್ಕೇ ಸಿಗುತ್ತದೆ. ಅದರಿಂದ ಭವಿಷ್ಯ ಕಟ್ಟುವುದು ನಮ್ಮ ಕೆಲಸವಲ್ಲ. ರಾಜ್ಯಗಳು ಒಟ್ಟಿಗೆ ಹುಟ್ಟಿದ್ದು ರಾಜ್ಯ ಪುನರ್ವಿಂಗಡಣಾ ಕಾಯಿದೆಯ ಪ್ರಕಾರ. ಜಗದ್ಗುರು ಹನ್ನೆರಡನೆಯ ಪಿಯೂಸರು ಮಾತೆ ಮರಿಯಮ್ಮನವರ ಸ್ವರ್ಗಾರೋಹಣವನ್ನು ವಿಶ್ವಾಸಸತ್ಯವೆಂದು 1950ರ ನವೆಂಬರ್ 1ರಂದು ಘೋಷಿಸಿದ್ದು ಬೇಕೆಂದೇ ಆರಿಸಿಕೊಂಡ ದಿನದಲ್ಲಿ. ಕೆಲವು ತಾರೀಖುಗಳನ್ನು ನಾವು ಆರಿಸಿಕೊಳ್ಳುತ್ತೇವೆ. ಕೆಲವು ನಮ್ಮ ತಲೆಯ ಮೇಲೆ ಬೀಳುತ್ತವೆ.

ಹಾಗೆ ಬಿದ್ದದ್ದು ಪೋರ್ಚುಗಲ್ ದೇಶದ ಲಿಸ್ಬನ್ ನಗರದ ಮೇಲೆ. 1755, ನವೆಂಬರ್ 1, ಶನಿವಾರ. ಇದೇ ಹಬ್ಬ. ಬೆಳಗಿನ ಪೂಜೆಗೆ ಜನ ದೇವಾಲಯಗಳಲ್ಲಿ ತುಂಬಿದ್ದರು, ಪೀಠಗಳ ಮೇಲೆ ಮೇಣದಬತ್ತಿಗಳು ಉರಿಯುತ್ತಿದ್ದವು. ಭೂಮಿ ನಡುಗಿತು, ಚಾವಣಿಗಳು ಕುಸಿದವು. ಬಿದ್ದ ಬತ್ತಿಗಳಿಂದಲೂ ಒಲೆಗಳಿಂದಲೂ ಬೆಂಕಿ ಹತ್ತಿ ದಿನಗಟ್ಟಲೆ ಉರಿಯಿತು. ನದಿಯ ದಡಕ್ಕೆ ಓಡಿದವರನ್ನು ಸಮುದ್ರದ ಅಲೆ ಹೊತ್ತೊಯ್ದಿತು. ಸತ್ತವರು ಹತ್ತಾರು ಸಾವಿರ. ಅದು ದೇವರ ಶಿಕ್ಷೆ ಎಂದು ಅಂದು ಬೋಧಿಸಿದ ಗುರುಗಳೂ ಇದ್ದರು. ನಾನು ಹಾಗೆ ಹೇಳಲಾರೆ. ಪೂಜೆಗೆ ಬಂದು ಮೊಣಕಾಲೂರಿದ್ದ ಮಗುವಿಗೆ ಯಾವ ಶಿಕ್ಷೆ? ಏಕೆ ಹಾಗಾಯಿತೆಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ಮುಂದೆ ನಡೆದ ಒಂದು ಸಣ್ಣ ಸಂಗತಿ ಗೊತ್ತು. ಸರ್ಕಾರ ಪ್ರತಿ ಧರ್ಮಕೇಂದ್ರದ ಗುರುವಿಗೂ ಒಂದು ಪ್ರಶ್ನೆಪಟ್ಟಿ ಕಳುಹಿಸಿತು: ಕಂಪನ ಎಷ್ಟು ಹೊತ್ತು ಇತ್ತು, ಎಷ್ಟು ಮನೆ ಬಿದ್ದವು, ಎಷ್ಟು ಜನ ಸತ್ತರು, ಸಮುದ್ರ ಏನು ಮಾಡಿತು? ಆ ಗುರುಗಳು ಕುಳಿತು ಬರೆದರು. ಅವರ ಉತ್ತರಗಳು ಲಿಸ್ಬನ್ನಿನ ದಾಖಲೆ ಭಂಡಾರದಲ್ಲಿ ಇಂದಿಗೂ ಇವೆ. ಭೂಕಂಪದ ಶಾಸ್ತ್ರ ಓದುವವರು ಅವನ್ನು ಈಗಲೂ ತಿರುವಿ ಹಾಕುತ್ತಾರೆ. ವಿವರಣೆ ಕೊಡಲಾರದ ದಿನ ಸತ್ತವರ ಲೆಕ್ಕವನ್ನಾದರೂ ಸರಿಯಾಗಿ ಬರೆದಿಟ್ಟ ಆ ಗುರುಗಳ ಬಗ್ಗೆ ನನಗೆ ಬಹಳ ಗೌರವ.

ನಮ್ಮ ಕೋಗಳಿ ಸೀಮೆಗೆ ಬರೋಣ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಇಂದು ಒಂದು ಹಳ್ಳಿ. ಒಂದು ಕಾಲಕ್ಕೆ ನೊಳಂಬವಾಡಿಯೊಳಗಿನ ಕೋಗಳಿ ಐನೂರು ಎಂಬ ನಾಡಿಗೇ ಅದರ ಹೆಸರಿತ್ತು. ಅಲ್ಲಿನ ಜೈನ ಬಸದಿಯಲ್ಲಿ 13ನೇ ಶತಮಾನದ ಶಾಸನಗಳಿವೆ. ದೇವರ ನಿತ್ಯದ ಅಭಿಷೇಕಕ್ಕೆಂದು ಬೇರೆ ಬೇರೆ ಜನ ಕೊಟ್ಟ ದಾನದ ದಾಖಲೆ ಅವು. ಹಬ್ಬದ ಮಾರನೇ ದಿನ ನಾವು ದೇವಾಲಯದ ಬಾಗಿಲಿಗೆ ಅಂಟಿಸುವ ದಾನಿಗಳ ಪಟ್ಟಿಯ ಹಾಗೆ!

ಈ ಸೀಮೆಗೆ ನವೆಂಬರ್ 1 ಎಂಬುದು ಸರ್ಕಾರಿ ತಾರೀಖು. ನಿಜವಾದ ತಾರೀಖು ಅದಕ್ಕಿಂತ ಮೂರು ವರ್ಷ ಹಿಂದಿನದು. ಪೊಟ್ಟಿ ಶ್ರೀರಾಮುಲು ಅವರು ಆಂಧ್ರ ರಾಜ್ಯಕ್ಕಾಗಿ ಉಪವಾಸವಿದ್ದು 1952ರ ಡಿಸೆಂಬರ್ 15ರಂದು ತೀರಿಕೊಂಡ ಮೇಲೆ ಮದ್ರಾಸ್ ಪ್ರಾಂತ ಒಡೆಯಿತು. ಬಳ್ಳಾರಿ ಜಿಲ್ಲೆಯೂ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹೊಸಪೇಟೆ, ಸಂಡೂರು, ಸಿರುಗುಪ್ಪ ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ವಿಷಯದಲ್ಲಿ ಮಾತ್ರ ಜಗಳ ಮುಗಿಯದೆ ಮತ್ತೊಂದು ವಿಚಾರಣೆ ನಡೆದು, ಅದೂ ಮೈಸೂರಿಗೇ ಸೇರಿತು. ಆ ದಿನ 1953ರ ಅಕ್ಟೋಬರ್ 1. ಅಂದು ಹರಪನಹಳ್ಳಿಯಲ್ಲಿ ಹತ್ತು ವರ್ಷದ ಹುಡುಗನಾಗಿದ್ದವರು ಮನೆಯ ಹೊಸ್ತಿಲು ಬದಲಿಸದೆಯೇ ಮದ್ರಾಸ್, ಮೈಸೂರು, ಕರ್ನಾಟಕ ಎಂದು ಮೂರು ರಾಜ್ಯಗಳ ಹೆಸರು ಕಂಡರು. ಜಿಲ್ಲೆಯೋ, ಬಳ್ಳಾರಿ ಹೋಗಿ 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ!

ಅಕ್ಟೋಬರ್ 1ರ ಸಂಭ್ರಮಕ್ಕಾಗಿ ಬಳ್ಳಾರಿಯಲ್ಲಿ ಚಪ್ಪರ ಹಾಕಿದ್ದರು. ಊರಲ್ಲಿ ಬಿಸಿ ಇತ್ತು. ಹಿಂದಿನ ರಾತ್ರಿ ಚಪ್ಪರ ಕಾಯಲು ನಿಂತವರಲ್ಲಿ ಪಿಂಜಾರ ರಂಜಾನ್ ಸಾಬರೂ ಒಬ್ಬರು. ಕತ್ತಲಲ್ಲಿ ಯಾರೋ ಆಸಿಡ್ ಎಸೆದರು. ರಂಜಾನ್ ಸಾಬರು ಪ್ರಾಣ ಕಳೆದುಕೊಂಡರು. ಏಕೀಕರಣಕ್ಕಾಗಿ ಪ್ರಾಣ ತೆತ್ತವರು ಎಂದು ಅವರನ್ನು ಬಳ್ಳಾರಿಯ ಜನ ನೆನೆಯುತ್ತಾರೆ. ಭಾಷಣ ಮಾಡುವವರು ಮರುದಿನ ಬರುವವರಿದ್ದರು. ಇವರು ರಾತ್ರಿ ಕಾವಲಿಗಿದ್ದವರು. ಸೆಪ್ಟೆಂಬರ್ 30 ಎಂಬುದು ಪುಟ್ಟ ಪುಷ್ಪವೆಂದು ನಾವು ಕರೆಯುವ ಸಂತ ತೆರೇಸಮ್ಮನವರು 1897ರಲ್ಲಿ ತೀರಿಕೊಂಡ ದಿನವೂ ಹೌದು. ಇದು ಬರೀ ಕಾಕತಾಳೀಯ, ಇದರ ಮೇಲೆ ನಾನೇನೂ ಕಟ್ಟುವುದಿಲ್ಲ. ರಂಜಾನ್ ಸಾಬರನ್ನು ನಮ್ಮ ಸಂತರ ಪಟ್ಟಿಗೆ ಸೇರಿಸುವ ಅಧಿಕಾರ ನನಗಿಲ್ಲ. ಅವರ ಧರ್ಮವನ್ನು ಮರೆಮಾಡುವ ಮನಸ್ಸೂ ಇಲ್ಲ. ಆದರೆ ಇಂದು ಓದಿದ ಸಂತ ಮತ್ತಾಯರ ಶುಭಸಂದೇಶದಲ್ಲಿ ಪ್ರಭು ಯಾರನ್ನು ಭಾಗ್ಯವಂತರೆಂದರೋ ಆ ಸಾಲುಗಳನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದವರು ಅವರೇ.

ಅಂದಿನ ಸಂತೋಷ ಎಲ್ಲರದೂ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಆದೋನಿ, ರಾಯದುರ್ಗದ ಕನ್ನಡದವರು ಗಡಿಯ ಆಚೆ ಉಳಿದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಆ ನೋವನ್ನು ಕೊನೆಯವರೆಗೂ ಹೊತ್ತರು. ಆದರೆ ಕಾಸರಗೋಡಿನ ನಮ್ಮ ದೇವಾಲಯಗಳು ಇಂದಿಗೂ ಮಂಗಳೂರು ಧರ್ಮಕ್ಷೇತ್ರದಲ್ಲೇ ಇವೆ. ರಾಜ್ಯದ ಗಡಿ ಸರಿದರೂ ಪೂಜೆಯ ಗಡಿ ಸರಿಯಲಿಲ್ಲ. ಇನ್ನೊಂದು ವಿಷಯ ನಮ್ಮ ಯುವಜನರಿಗೆ ಆಶ್ಚರ್ಯ ತರಬಹುದು: ಕನ್ನಡ ನಾಡು ಒಂದಾದ ಆ ಗುರುವಾರ ನಮ್ಮ ದೇವಾಲಯಗಳಲ್ಲಿ ಬಲಿಪೂಜೆ ನಡೆದದ್ದು ಲತೀನ್ ಭಾಷೆಯಲ್ಲಿ. ಕನ್ನಡದಲ್ಲಿ ಪೂಜೆ ಕೇಳುವ ಭಾಗ್ಯ ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1960ರ ದಶಕದಲ್ಲಿ.

ಭಾಷೆಯ ಮಾತು ಬಂತು. ನನ್ನದೊಂದು ತಪ್ಪು ಹೇಳಿಕೊಳ್ಳಬೇಕಾಗಿದೆ. ಕಳೆದ ವರ್ಷ ಇದೇ ದಿನ, ಇಂದು ರಾಜ್ಯೋತ್ಸವ, ಕನ್ನಡ ಬಿಟ್ಟು ಬೇರೆ ಹಾಡು ಬೇಡ ಎಂದು ಗಾಯನ ಮಂಡಳಿಯಲ್ಲಿ ಒಂದು ಮಾತು ಎದ್ದಿತು. ಹುಡುಗರ ಅಭಿಮಾನ ನನಗೆ ಅರ್ಥವಾಗುತ್ತದೆ. ಕನ್ನಡ ಪೂಜೆಗಾಗಿ ಹಿರಿಯರು ಪಟ್ಟ ಪಾಡನ್ನು ಅವರಿಗೆ ಹೇಳಿದವನೂ ನಾನೇ. ಆದರೆ ನಮ್ಮ ನಡುವೆ ತೆಲುಗು ಮಾತಾಡುವ ಒಬ್ಬ ತಾಯಿ ಇದ್ದಾರೆ. ಪರಮ ಪ್ರಸಾದ ಸ್ವೀಕರಿಸಿದ ಮೇಲೆ ತಮ್ಮ ಭಾಷೆಯ ಒಂದು ಹಾಡನ್ನು ಮೆಲ್ಲಗೆ ಹಾಡುವುದು ಅವರ ಹಳೆಯ ರೂಢಿ. ಅಂದು ಅವರು ಹಾಡಲಿಲ್ಲ. ಕೊನೆಯ ಸಾಲಿನಲ್ಲಿ ಸೆರಗು ಬಾಯಿಗಿಟ್ಟು ಕುಳಿತಿದ್ದರು. ನಾನು ನೋಡಿದೆ, ಸುಮ್ಮನಿದ್ದೆ. ಅದೇ ಪೂಜೆಯಲ್ಲಿ, ಸಕಲ ಜನಾಂಗ ಸಕಲ ಭಾಷೆಗಳ ಎಣಿಸಲಾಗದ ಜನಸ್ತೋಮವನ್ನು ಸಂತ ಯೊವಾನ್ನರು ಸಿಂಹಾಸನದ ಮುಂದೆ ಕಂಡರೆಂದು ನಾನೇ ಬೋಧಿಸಿದ್ದೆ. ಅಮ್ಮಾ, ನನ್ನನ್ನು ಕ್ಷಮಿಸಿ.

ಪೋಲೆಂಡಿನ ಕ್ರಾಕೋವ್ ನಗರದಲ್ಲಿ 1946ರ ನವೆಂಬರ್ 1ರಂದು ಕಾರೊಲ್ ಎಂಬ ಯುವಕ ಗುರುದೀಕ್ಷೆ ಪಡೆದರು. ಮುಂದೆ ಅವರೇ ಜಗದ್ಗುರು ಎರಡನೆಯ ಜಾನ್ ಪಾಲ್. 2014ರಲ್ಲಿ ಸಂತರೆಂದು ಘೋಷಿತರಾದರು. ಅಂದು ಅವರ ಮನೆಯವರೆನ್ನಲು ಯಾರೂ ಉಳಿದಿರಲಿಲ್ಲ. ತಾಯಿ, ಅಣ್ಣ, ತಂದೆ ಮೂವರೂ ತೀರಿಹೋಗಿದ್ದರು. ಮಾರನೆಯ ದಿನ ಮೃತರ ಸ್ಮರಣೆಯ ದಿನ. ಅಂದು ಗುರುಗಳು ಮೂರು ಪೂಜೆ ಅರ್ಪಿಸಬಹುದು. ತಮ್ಮ ಮೊದಲ ಮೂರು ಪೂಜೆಗಳನ್ನು ಅವರು ಆ ಮೂವರಿಗಾಗಿ ಅರ್ಪಿಸಿದರು.

ನಾಳೆ ನಮ್ಮಲ್ಲೂ ಆ ದಿನ. ಸಂಜೆ ಐದು ಗಂಟೆಗೆ ಸಮಾಧಿ ಭೂಮಿಯಲ್ಲಿ ಪ್ರಾರ್ಥನೆ. ಮೇಣದಬತ್ತಿ ತನ್ನಿ, ಹಡಗಲಿ ಕಡೆಯವರು ಮಲ್ಲಿಗೆ ತನ್ನಿ. ನಿಮ್ಮ ಮನೆಯ ಮೃತರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಇಂದೇ ಪೆಟ್ಟಿಗೆಗೆ ಹಾಕಿ. ತಾರೀಖು ಗೊತ್ತಿಲ್ಲದಿದ್ದರೆ ಬಿಡಿ, ತೇರಿನ ಮಾರನೇ ದಿನ ಎಂದು ಬರೆದರೂ ಆಯಿತು. ಹೆಸರೇ ಗೊತ್ತಿಲ್ಲದ ಮುತ್ತಜ್ಜಿಯಾದರೆ ಅವರ ಊರಿನ ಹೆಸರು ಬರೆಯಿರಿ. ಯಾವ ಭಾಷೆಯಲ್ಲಿ ಬರೆದರೂ ಓದುತ್ತೇವೆ. ತೆಲುಗಿನ ಚೀಟಿಗಳನ್ನು ಓದಲು ಆ ತಾಯಿ ಒಪ್ಪಿಕೊಂಡಿದ್ದಾರೆ.