ವಿದ್ಯಾರ್ಥಿಗಳೂ ಊರಿನ ಸೇವೆಯೂ



ಕಲಬುರಗಿ ನಗರದಿಂದ ವಾಯವ್ಯಕ್ಕೆ ಆಳಂದ, ಪಶ್ಚಿಮಕ್ಕೆ ಅಫಜಲಪುರ, ದಕ್ಷಿಣಕ್ಕೆ ಜೇವರ್ಗಿ. ಈ ಮೂರು ತಾಲ್ಲೂಕುಗಳನ್ನು ಒಂದಕ್ಕೊಂದು ಹೊಂದಿಸಿರುವುದು ನೀರು. ಆಳಂದದ ಸೀಮೆಯಲ್ಲಿ ಹುಟ್ಟಿದ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಮುಂದೆ ಜೇವರ್ಗಿಯ ಸೀಮೆಗೆ ಹರಿದುಹೋಗುತ್ತದೆ. ಗಾಣಗಾಪುರಕ್ಕೆ ದತ್ತಾತ್ರೇಯನ ದರ್ಶನಕ್ಕೆಂದೋ, ಆಳಂದಕ್ಕೆ ಲಾಡ್ಲೆ ಮಶಾಯಕರ ದರ್ಗಾಕ್ಕೆಂದೋ ಹೋಗಿಬಂದವರು ತಮ್ಮಲ್ಲಿ ಅನೇಕರಿರಬಹುದು. ದಾರಿಯ ಎರಡೂ ಕಡೆಗಳಲ್ಲಿ ಎರೆಯ ಹೊಲಗಳಲ್ಲಿ ನಿಂತ ತೊಗರಿಯನ್ನು ನೋಡಿ ಅವರು ಸಂತೋಷಪಟ್ಟಿರಲೂಬಹುದು. ಆ ಸೀಮೆಯ ವಿದ್ಯಾರ್ಥಿಗಳು ತಮ್ಮ ಶಾಲಾ ಕಾಲೇಜುಗಳ ಕಾರ್ಯಕ್ರಮದ ಅಂಗವಾಗಿ ಮಾಡತಕ್ಕ ಸೇವೆಯನ್ನು ಕುರಿತು ನಾವು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ವಿದ್ಯಾರ್ಥಿಯಾದವನು ಓದಿನ ಜೊತೆಗೆ ಜನಸೇವೆಯನ್ನೂ ಮಾಡಬೇಕೆಂಬ ಯೋಚನೆ ನಮ್ಮ ದೇಶದಲ್ಲಿ ಹೊಸದಲ್ಲ. ೧೯೬೪ರಿಂದ ೧೯೬೬ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ವಿದ್ಯಾಭ್ಯಾಸದ ಎಲ್ಲ ಘಟ್ಟಗಳಲ್ಲಿಯೂ ಸಮಾಜಸೇವೆಗೆ ಸ್ಥಾನವಿರಬೇಕೆಂದು ಅಭಿಪ್ರಾಯಪಟ್ಟಿತು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ ೧೯೬೯ರ ಸೆಪ್ಟೆಂಬರ್ ೨೪ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವರಾಗಿದ್ದ ಡಾಕ್ಟರ್ ವಿ. ಕೆ. ಆರ್. ವಿ. ರಾವ್ ಅವರು ೩೭ ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಅವರು ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಹೋದವರು ಎಂಬುದನ್ನು ಕನ್ನಡಿಗರು ನೆನೆಯಬಹುದಾಗಿದೆ. ಮುಂದೆ ಈ ಯೋಜನೆಯು ಪದವಿಪೂರ್ವ ತರಗತಿಗಳಿಗೂ ಬಂದಿತು. ಸ್ವಯಂಸೇವಕನಾದ ವಿದ್ಯಾರ್ಥಿಯು ವರ್ಷಕ್ಕೆ ೧೨೦ ಗಂಟೆಗಳಂತೆ ಎರಡು ವರ್ಷ ಸೇವೆ ಸಲ್ಲಿಸಬೇಕು. ಒಂದು ಹಳ್ಳಿಯಲ್ಲಿ ೭ ದಿನಗಳ ವಿಶೇಷ ಶಿಬಿರದಲ್ಲಿ ಇರಬೇಕು. 'ನನಗಲ್ಲ, ನಿನಗೆ' ಎಂಬುದು ಈ ಯೋಜನೆಯ ಧ್ಯೇಯವಾಕ್ಯ.

ಧ್ಯೇಯವೇನೋ ಉನ್ನತವಾದುದು. ಆದರೆ ಶಿಬಿರಗಳು ಸಾಮಾನ್ಯವಾಗಿ ಹೇಗೆ ನಡೆಯುತ್ತವೆ ಎಂಬುದು ನಮಗೆಲ್ಲರಿಗೂ ತಿಳಿದುದೇ. ಮೊದಲನೆಯ ದಿನ ಉದ್ಘಾಟನೆ. ಮುಂದೆ ಬೀದಿ ಗುಡಿಸುವುದು, ಚರಂಡಿ ತೆಗೆಯುವುದು, ಗುಡಿಯ ಅಂಗಳದಲ್ಲಿ ಸಸಿ ನೆಡುವುದು, ಸಂಜೆ ಹಾಡು, ನಾಟಕ. ಏಳನೆಯ ದಿನ ಸಮಾರೋಪ, ಛಾಯಾಚಿತ್ರ. ಈ ಕೆಲಸಗಳು ನಿಷ್ಪ್ರಯೋಜಕವೆಂದು ನಾವು ಹೇಳಲಾರೆವು. ಗುದ್ದಲಿಯನ್ನೇ ಹಿಡಿಯದ ಕೈಗೆ ಗುದ್ದಲಿಯ ಪರಿಚಯವಾಗುವುದು ಒಳ್ಳೆಯದೇ. ಆದರೂ ಎಂಟನೆಯ ದಿನ ಆ ಊರಿನಲ್ಲಿ ಏನು ಉಳಿಯಿತು ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಬೇಕಷ್ಟೆ. ಸಸಿಗೆ ನೀರೆರೆಯುವವರು ಯಾರು? ಚರಂಡಿ ಮತ್ತೆ ತುಂಬಿದರೆ ತೆಗೆಯುವವರು ಯಾರು?

ನಾವು ಹೇಳಿದ ಮೂರು ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವುಂಟು. ಪ್ರಾದೇಶಿಕ ಅಸಮಾನತೆಯನ್ನು ವಿಚಾರಿಸಿದ ಡಾಕ್ಟರ್ ಡಿ. ಎಂ. ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ಕೊಟ್ಟ ವರದಿಯಲ್ಲಿ ಕರ್ನಾಟಕದ ೩೯ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಎಣಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ ೭೫ನ್ನು ದಾಟಿದ್ದಾಗ, ಅಂದು ಗುಲಬರ್ಗಾ ಎಂದು ಕರೆಯಲ್ಪಡುತ್ತಿದ್ದ ಈ ಜಿಲ್ಲೆಯಲ್ಲಿ ಅದು ೬೫ನ್ನು ಮುಟ್ಟಿರಲಿಲ್ಲ. ಹೆಂಗಸರಲ್ಲಿ ಸುಮಾರು ೫೫ ಮಾತ್ರ. ಪಟ್ಟಣದ ವಿದ್ಯಾರ್ಥಿಯು ಸೇವೆಗೆಂದು ಹಳ್ಳಿಗೆ ಹೋಗುವಾಗ ತನ್ನಲ್ಲಿ ಮಿಕ್ಕ ಹೊತ್ತನ್ನು ಕೊಡುತ್ತಾನೆ. ಈ ಸೀಮೆಯ ವಿದ್ಯಾರ್ಥಿಯಾದರೋ ಅನೇಕ ವೇಳೆ ತನ್ನ ಮನೆತನದಲ್ಲಿ ಓದು ಕಲಿತ ಮೊದಲನೆಯವನು. ಹತ್ತಿ ಬಿಡಿಸುವ ಕಾಲದಲ್ಲಿ, ತೊಗರಿಯ ರಾಶಿಯ ಕಾಲದಲ್ಲಿ ಅವನ ಕೈಗಳು ಮನೆಗೂ ಬೇಕಾದವು. ಅವನು ಕೊಡುವ ಒಂದು ಗಂಟೆಯು ತಾಯಿ ಬಿಟ್ಟುಕೊಟ್ಟ ಗಂಟೆ. ಅಷ್ಟು ಬೆಲೆಯುಳ್ಳ ಗಂಟೆಯನ್ನು ಎಲ್ಲಿ ವೆಚ್ಚಮಾಡಬೇಕು ಎಂಬುದು ಗುರುಗಳಾದವರು ಆಲೋಚಿಸತಕ್ಕ ವಿಷಯ.

ನಮ್ಮ ಅಭಿಪ್ರಾಯದಲ್ಲಿ ಅದನ್ನು ವೆಚ್ಚಮಾಡತಕ್ಕ ಸ್ಥಳ ಅವನ ನೆರೆಮನೆಯೇ. ಸುಗ್ಗಿ ತೀರಿದ ಮೇಲೆ ಈ ತಾಲ್ಲೂಕುಗಳಿಂದ ಎಷ್ಟೋ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೋಗುತ್ತವೆ. ದೊಡ್ಡವರೊಡನೆ ಮಕ್ಕಳೂ ಹೋಗುತ್ತಾರೆ. ಅವರು ಹಿಂದಿರುಗುವ ಹೊತ್ತಿಗೆ ತರಗತಿಯು ಪುಸ್ತಕದ ಅರ್ಧವನ್ನು ದಾಟಿರುತ್ತದೆ. ಮಗುವು ಹಿಂದಿನ ಬೆಂಚಿನಲ್ಲಿ ನಾಲ್ಕು ದಿನ ನಾಚಿಕೆಯಿಂದ ಕುಳಿತು, ಐದನೆಯ ದಿನ ದನಗಳ ಹಿಂದೆ ಹೋಗುತ್ತದೆ. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ೬ರಿಂದ ೧೪ ವರ್ಷದವರೆಗಿನ ಮಕ್ಕಳೆಲ್ಲರಿಗೂ ಶಾಲೆಯ ಬಾಗಿಲನ್ನು ತೆರೆದಿದೆ. ಬಾಗಿಲು ತೆರೆದಿದ್ದರೂ ನಾಚಿಕೊಂಡ ಮಗುವನ್ನು ಕೈಹಿಡಿದು ಒಳಗೆ ಕರೆತರಲು ಒಬ್ಬ ಮನುಷ್ಯನು ಬೇಕು. ಆ ಮಗುವಿಗೆ ಹದಿಮೂರು ವರ್ಷವಾದರೆ, ಪದವಿಪೂರ್ವ ತರಗತಿಯಲ್ಲಿ ಓದುವ ನೆರೆಮನೆಯ ಹುಡುಗಿಗೆ ಹದಿನಾರು. ಇಬ್ಬರ ನಡುವೆ ಮೂರೇ ವರ್ಷದ ಅಂತರ. ಅವಳು ಆ ಮನೆಯ ಯಜಮಾನನನ್ನು ಕಾಕಾ ಎಂದು ಕರೆಯುವವಳು. ಆ ಮನೆಯ ಒಲೆಯ ಬಳಿ ಕುಳಿತು ರೊಟ್ಟಿ ತಿಂದವಳು. ಹೊರಗಿನ ಅಧಿಕಾರಿಯು ಹೇಳಿದರೆ ತಲೆಯಾಡಿಸಿ ಸುಮ್ಮನಾಗುವ ತಂದೆಯು, 'ಕಾಕಾ, ತಂಗಿಯನ್ನು ದಿನಾ ಸಂಜೆ ನಾನು ಓದಿಸುತ್ತೇನೆ, ಶಾಲೆ ಬಿಡಿಸಬೇಡಿರಿ' ಎಂದು ಅವಳು ಕೇಳಿದರೆ ಯೋಚಿಸದೆ ಇರಲಾರನು.

ಓದಿಸುವುದೊಂದೇ ಅಲ್ಲದೆ ಬರೆದುಕೊಡುವ ಕೆಲಸವೂ ಉಂಟು. ೨೦೨೦ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿಗಳ ನದೀತೀರದ ಹಳ್ಳಿಗಳಿಗೆ ನುಗ್ಗಿತು. ಜನರು ಮನೆ ಬಿಟ್ಟು ಕಾಳಜಿ ಕೇಂದ್ರಗಳಲ್ಲಿ ಆಶ್ರಯ ಪಡೆಯಬೇಕಾಯಿತು. ಇಂಥ ಕಾಲದಲ್ಲಿ ಅನ್ನ, ಬಟ್ಟೆಗಳ ಜೊತೆಗೆ ಕಾಗದವೂ ಬೇಕಾಗುತ್ತದೆ: ಹೋದ ಬೆಳೆಯ ಲೆಕ್ಕ, ಬಿದ್ದ ಗೋಡೆಯ ವಿವರ, ಪರಿಹಾರದ ಅರ್ಜಿ. ಓದುಬಾರದವರು ಇದಕ್ಕಾಗಿ ಇನ್ನೊಬ್ಬರ ಬಾಗಿಲಲ್ಲಿ ಕಾಯಬೇಕು. ಕೆಲವು ವೇಳೆ ದುಡ್ಡನ್ನೂ ತೆರಬೇಕು. ಪ್ರವಾಹವಿಲ್ಲದ ದಿನಗಳಲ್ಲಿಯೂ ಪಡಿತರ ಚೀಟಿ, ವೃದ್ಧಾಪ್ಯ ವೇತನ, ವಿದ್ಯಾರ್ಥಿವೇತನಗಳ ಅರ್ಜಿಗಳು ಇದ್ದೇ ಇವೆ. ವಾರಕ್ಕೊಂದು ಸಂಜೆ ಊರಿನ ಕಟ್ಟೆಯ ಮೇಲೆ ಇಬ್ಬರು ವಿದ್ಯಾರ್ಥಿಗಳು ಲೇಖನಿ ಹಿಡಿದು ಕುಳಿತರೆ ಎಷ್ಟು ಜನರ ಕಷ್ಟ ಹಗುರವಾದೀತೆಂಬುದನ್ನು ತಾವೇ ಊಹಿಸಿರಿ.

ಹೀಗೆ ಚದರಿಹೋದ ಕೆಲಸವನ್ನು ಲೆಕ್ಕಕ್ಕೆ ತರುವುದು ಹೇಗೆ ಎಂದು ಕೆಲವರು ಆಕ್ಷೇಪಿಸಬಹುದು. ನೂರು ಹುಡುಗರನ್ನು ಒಂದೆಡೆ ಸೇರಿಸಿದರೆ ಹಾಜರಿ ಹಾಕುವುದು ಸುಲಭ. ಅವರವರ ಓಣಿಯಲ್ಲಿ ಅವರು ಮಾಡುವ ಕೆಲಸವನ್ನು ನೋಡುವವರು ಯಾರು? ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಓದಿಸಿದ ಮಗುವೇ ಇದಕ್ಕೆ ಸಾಕ್ಷಿ. ಆ ಮಗುವು ಮುಂದಿನ ತರಗತಿಯಲ್ಲಿ ಕುಳಿತಿದೆಯೋ ಇಲ್ಲವೋ ಎಂಬುದನ್ನು ಶಾಲೆಯ ಹಾಜರಿ ಪುಸ್ತಕವೇ ಹೇಳುತ್ತದೆ. ಉಪಾಧ್ಯಾಯರು ತಿಂಗಳಿಗೊಮ್ಮೆ ಆ ಓಣಿಯಲ್ಲಿ ನಡೆದುಬಂದರೆ ಉಳಿದುದು ತಿಳಿಯುತ್ತದೆ. ಪರೀಕ್ಷೆಯ ತಿಂಗಳುಗಳಲ್ಲಿ ವಿದ್ಯಾರ್ಥಿಗೆ ಬಿಡುವು ಕೊಡಬೇಕೆಂಬುದೂ ನ್ಯಾಯವೇ. ಪರರನ್ನು ಓದಿಸುವ ಭರದಲ್ಲಿ ತಾನೇ ಹಿಂದೆ ಬೀಳುವುದನ್ನು ಯಾರೂ ಬಯಸರು.

ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯು ಶರಣಬಸವೇಶ್ವರರು ಹುಟ್ಟಿದ ಊರು. ಹದಿನೆಂಟನೆಯ ಶತಮಾನದಲ್ಲಿ ಹುಟ್ಟಿದ ಆ ಒಕ್ಕಲಿಗ ಶರಣರನ್ನು ಕುರಿತು ಜನರು ಇಂದಿಗೂ ಒಂದು ಮಾತನ್ನು ಹೇಳುತ್ತಾರೆ: ಅವರು ತಮ್ಮ ಹೊಲದ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರನ್ನೂ ಇಟ್ಟರಂತೆ. ದಾಸೋಹವು ಅವರ ಸ್ವಂತ ಹೊಲದಿಂದಲೇ ಮೊದಲಾಯಿತು. ಕಲಬುರಗಿಯ ದೊಡ್ಡ ದಾಸೋಹ ಬಂದುದು ಆಮೇಲೆ. ಆ ಸೀಮೆಯ ಮಕ್ಕಳಿಗೆ ಸೇವೆಯ ಪಾಠ ಹೇಳುವುದಕ್ಕೆ ದೂರದ ಉದಾಹರಣೆಗಳು ಬೇಕಾಗಿಲ್ಲವೆಂದು ನಮಗೆ ತೋರುತ್ತದೆ.

ಪಟ್ಟಣವಾಸಿಗಳಾದ ತಮ್ಮಲ್ಲಿ ನಮ್ಮದೊಂದು ಬಿನ್ನಹ. ತಮ್ಮ ಮನೆಯ ಮಕ್ಕಳು ಶಿಬಿರದಿಂದ ಹಿಂದಿರುಗಿದಾಗ, ಅಲ್ಲಿ ಏನೇನು ಮಾಡಿದಿರಿ ಎಂದು ತಾವು ಕೇಳಿಯೇ ಕೇಳುತ್ತೀರಿ. ಅದರೊಡನೆ, ಎಂಟನೆಯ ದಿನ ಆ ಊರಿನವರಲ್ಲಿ ಯಾರು ನಿಮ್ಮ ಹಾದಿ ನೋಡುತ್ತಿದ್ದಾರೆ ಎಂದೂ ಕೇಳಿರಿ. ಒಂದು ಮಗುವಿನ ಹೆಸರು ಅವರ ಬಾಯಲ್ಲಿ ಬಂದರೆ, ಅವರು ಅಲ್ಲಿ ಕಳೆದ ದಿನಗಳು ಸಾರ್ಥಕವಾದುವೆಂದು ತಿಳಿಯಬಹುದು.